ಬ್ಲೌಬೊಕ್ ಎಂದರೆ

ಹತ್ತು ತಿಂಗಳ ಕಾಲ ನನ್ನ ಅಕ್ಕ ಆಡಿದ್ದು ಒಂದೇ ಒಂದು ಶಬ್ದ. ನೀರು ಬೇಕಾದರೂ ಅದೇ, ಚಳಿಯಾದರೂ ಅದೇ, ನನ್ನನ್ನು ಕರೆಯುವುದಕ್ಕೂ ಅದೇ. ಬ್ಲೌಬೊಕ್. ಅದು ಎಂದೋ ಭೂಮಿಯ ಮೇಲಿಂದ ಇಲ್ಲವಾದ ಒಂದು ಚಿಗರೆಯ ಹೆಸರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಆದರೆ ಆ ಶಬ್ದ ಅವಳ ಬಾಯಲ್ಲಿ ಸಿಕ್ಕಿಬಿದ್ದ ಗಳಿಗೆಯಲ್ಲಿ ಅದನ್ನು ಕೇಳಿದವಳು ನಾನೊಬ್ಬಳೇ. ಅದನ್ನು ನಾನು ಬಹಳ ಕಾಲ ಯಾರಿಗೂ ಹೇಳಲಿಲ್ಲ.

ಅಕ್ಕ ನಾವುಂದದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು. ಮದುವೆಯಾಗಲಿಲ್ಲ. ನನ್ನ ಗಂಡ ತೀರಿಕೊಂಡಾಗ ನನಗೆ ಮೂವತ್ತೆರಡು ವರ್ಷ. ಅಕ್ಕ ಬಂದು ನನ್ನ ಬಟ್ಟೆಬರೆ ಎರಡು ಚೀಲಕ್ಕೆ ತುಂಬಿಸಿ ಕುಂದಾಪುರದ ಪಕ್ಕದ ಕೋಡಿಯಲ್ಲಿದ್ದ ತನ್ನ ಮನೆಗೆ ಕರೆದುಕೊಂಡು ಬಂದಳು. ಹೊಲಿಗೆ ಕಲಿಯಲು ಹಾಕಿದವಳೂ ಅವಳೇ. ಆಮೇಲೆ ಕುಂದಾಪುರದ ಪೇಟೆಯಲ್ಲಿ ಸಣ್ಣದೊಂದು ಅಂಗಡಿ ಹಿಡಿದು ರವಿಕೆ ಹೊಲಿಯುತ್ತ ಬಂದೆ. ಅಕ್ಕ ಬೆಳಿಗ್ಗೆ ಬಸ್ಸು ಹತ್ತಿ ಬಡಗು ದಿಕ್ಕಿಗೆ ಶಾಲೆಗೆ ಹೋಗುವಳು, ಸಂಜೆ ಗಂಟಲು ಕಟ್ಟಿಕೊಂಡು ಬರುವಳು. ಅವಳು ಬಾಯಿ ಮುಚ್ಚಿ ಕೂತದ್ದನ್ನು ನಾನು ಕಂಡೇ ಇರಲಿಲ್ಲ. ಅನ್ನ ಬಡಿಸುವಾಗಲೂ ಏನಾದರೊಂದು ಪಾಠ. ನಾನು ಹೂಂಗುಟ್ಟುತ್ತಿದ್ದೆ, ಅರ್ಧವೂ ಕಿವಿಗೆ ಹೋಗುತ್ತಿರಲಿಲ್ಲ.

ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ಮದುವೆಗಳ ಕಾಲ. ಅಂಗಡಿಯಲ್ಲಿ ಮದುಮಗಳ ತಾಯಿಯೊಬ್ಬರು ರವಿಕೆ ಹಾಕಿ ನೋಡುತ್ತಿದ್ದರು, ತೋಳು ಬಿಗಿಯಾಗಿದೆಯೆಂದು ಅವರಿಗೆ ಸಿಟ್ಟು ಬಂದಿತ್ತು. ನನ್ನ ಬಾಯಲ್ಲಿ ಎರಡು ಗುಂಡುಪಿನ್ನು. ಆಗ ಅಕ್ಕನ ಫೋನು ಬಂತು. ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೆ.

"ಹ್ವಾಯ್, ನಮ್ಮ ಡ್ರಾಯಿಂಗ್ ಮಾಷ್ಟ್ರು ಫೋನ್ ಮಾಡಿದ್ರ್," ಅಂದಳು. ದನಿ ಎಂದಿನ ಹಾಗೆಯೇ ಇತ್ತು, ಸ್ವಲ್ಪ ಸಿಡುಕಿನಲ್ಲಿ. ಶಾಲೆಯ ಗೋಡೆ, ಬಣ್ಣ, ಹೆಡ್‌ಮಾಷ್ಟ್ರು ಎಂದು ಏನೋ ಹೇಳುತ್ತಾ ಹೋದಳು. ನಾನು ಹೂಂ ಹೂಂ ಎನ್ನುತ್ತಾ ತೋಳಿನ ಹೊಲಿಗೆ ಬಿಚ್ಚುತ್ತಿದ್ದೆ. ಮಾತಿನ ನಡುವೆ ಅವಳು ಒಂದು ಶಬ್ದಕ್ಕೆ ಬಂದು ನಿಂತಳು. ಮತ್ತೆ ಅದನ್ನೇ ಹೇಳಿದಳು. ಮತ್ತೂ ಒಮ್ಮೆ. "ಎಂತ?" ಎಂದೆ. ಅದೇ ಶಬ್ದ, ಆದರೆ ನಿಧಾನಕ್ಕೆ, ಬಾಯಲ್ಲಿ ಏನೋ ಇಟ್ಟುಕೊಂಡವರ ಹಾಗೆ. ಕೋಡಿಯಲ್ಲಿ ಫೋನಿನ ಸಿಗ್ನಲ್ ಹಾಗೆಯೇ, ಬಂದು ಹೋಗಿ ಆಗುತ್ತದೆ. ಎದುರಿಗಿದ್ದವರು ಗಡಿಯಾರ ನೋಡುತ್ತಿದ್ದರು.

"ಅಕ್ಕಾ, ಸಮಾ ಕೇಂತಿಲ್ಲ. ಮತ್ತೆ ಮಾಡ್ತೆ," ಎಂದು ಕಟ್ ಮಾಡಿದೆ. ಆಗ ಹನ್ನೊಂದೂ ಕಾಲು.

ಆಮೇಲೆ ಅವಳು ಮೂರು ಸಲ ಫೋನು ಮಾಡಿದ್ದಳು. ಫೋನು ಲೈನಿಂಗ್ ಬಟ್ಟೆಯ ರಾಶಿಯಡಿಯಲ್ಲಿತ್ತು, ನನಗೆ ಕೇಳಲಿಲ್ಲ. ಊಟಕ್ಕೆಂದು ಒಂದೂವರೆಗೆ ಮನೆಗೆ ಬಂದಾಗ ಅಡುಗೆಮನೆಗೂ ಪಡಸಾಲೆಗೂ ನಡುವಿನ ಹೊಸ್ತಿಲ ಮೇಲೆ ಅಡ್ಡ ಬಿದ್ದಿದ್ದಳು. ಎಡಗೈಯಲ್ಲಿ ಫೋನು. ಬಾಯಿ ಒಂದು ಬದಿಗೆ ಎಳೆದುಕೊಂಡಿತ್ತು, ಬಲಗಾಲಿನಿಂದ ಚಪ್ಪಲಿ ಕಳಚಿತ್ತು. ಕಣ್ಣು ಮಾತ್ರ ಸ್ಪಷ್ಟವಾಗಿತ್ತು. ನನ್ನನ್ನು ಕಂಡು, "ಬ್ಲೌಬೊಕ್," ಅಂದಳು.

ಪಕ್ಕದ ಮನೆಯ ಹೆಂಗಸನ್ನು ಕೂಗಿದೆ. ಅವಳು ಆಂಬುಲೆನ್ಸ್ ಕರೆಸಿದಳು. ಬ್ರಹ್ಮಾವರ ದಾಟಿ ದೊಡ್ಡಾಸ್ಪತ್ರೆಗೆ ತಲುಪಿದಾಗ ಮೂರು ಹೊಡೆಯಲು ಕಾಲು ಗಂಟೆಯಿತ್ತೋ, ಇನ್ನೂ ಕಡಿಮೆಯೋ. ಮೂರು ಮಾತ್ರ ಆಗಿರಲಿಲ್ಲ. ಎಳೆಯ ವಯಸ್ಸಿನ ಡಾಕ್ಟರು ಓಡಿ ಬಂದು, ಕೊನೆಯ ಸಲ ಇವರು ಸರಿಯಾಗಿದ್ದದ್ದನ್ನು ಕಂಡದ್ದು ಯಾವಾಗ ಎಂದು ಕೇಳಿದರು. ಬೆಳಿಗ್ಗೆ ಎಂಟೂವರೆಗೆ, ನಾನು ಹೊರಡುವಾಗ, ಎಂದೆ.

"ಅದರ ನಂತರ ಯಾರಾದರೂ ಇವರ ಜೊತೆ ಮಾತಾಡಿದ್ದಾರಾ? ಫೋನಿನಲ್ಲಾದರೂ?"

ಪಕ್ಕದ ಮನೆಯವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಂಬುಲೆನ್ಸಿನವನೂ ಅಲ್ಲೇ ನಿಂತಿದ್ದ. ಅಕ್ಕ ಫೋನಿನಲ್ಲಿ ತೊದಲುತ್ತಿದ್ದಳು, ನಾನು ಕಟ್ ಮಾಡಿದೆ ಎಂದು ಅವರೆಲ್ಲರ ಎದುರು ಹೇಗೆ ಹೇಳಲಿ?

"ಇಲ್ಲ," ಎಂದೆ.

ಅವರು ಏನೋ ಬರೆದುಕೊಂಡು ಇನ್ನೊಬ್ಬ ಡಾಕ್ಟರ ಬಳಿ ಇಂಗ್ಲಿಷಿನಲ್ಲಿ ಮಾತಾಡಿದರು. ನನಗೆ ಅರ್ಥವಾಗಲಿಲ್ಲ. ಚಿಕಿತ್ಸೆಯಲ್ಲಿ ಅವರು ಏನೂ ಕಡಿಮೆ ಮಾಡಲಿಲ್ಲ. ಹನ್ನೆರಡು ದಿನಗಳ ಮೇಲೆ ಅಕ್ಕನನ್ನು ಮನೆಗೆ ಕರೆತಂದೆ.

ನಡಿಗೆ ಸ್ವಲ್ಪ ಸ್ವಲ್ಪ ಬಂತು. ಕೋಲು ಹಿಡಿದು ಬಚ್ಚಲಿಗೆ ಹೋಗುವಷ್ಟಾಯಿತು. ಮಾತು ಬರಲಿಲ್ಲ. ಆಸ್ಪತ್ರೆಯಲ್ಲಿ ತುಳು ಮಾತಾಡುವ ನರ್ಸು ಒಬ್ಬಳು, ಅಕ್ಕ ತುಳುವಿನಲ್ಲಿ 'ಬೊಕ್ಕ', ಅಂದರೆ ಆಮೇಲೆ, ಎನ್ನುತ್ತಿದ್ದಾಳೆಂದು ತಿಳಿದು, ಆಮೇಲೆ ಎಂತ, ಆಮೇಲೆ ಎಂತ ಎಂದು ಪ್ರೀತಿಯಿಂದ ಕೇಳುತ್ತಿದ್ದಳು. ಅಕ್ಕ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಮನೆಗೆ ನೋಡಲು ಬಂದವರು ಎರಡು ಸಲ ಕೇಳಿ ನನ್ನ ಕಡೆ ತಿರುಗುವರು, ಮೂರನೆಯ ಸಲ ನಗು ತಡೆದುಕೊಳ್ಳುವರು. ಕ್ರಮೇಣ ಬರುವುದನ್ನೇ ಬಿಟ್ಟರು. ಅವಳ ತಲೆಯೊಳಗೆ ಎಲ್ಲವೂ ಸರಿಯಾಗಿಯೇ ಇತ್ತು ಎಂಬುದು ನನಗೆ ಗೊತ್ತು. ಹೇಳಬೇಕಾದ್ದು ಅವಳಿಗೆ ಗೊತ್ತಿತ್ತು. ಎಡಗೈಗೆ ಪೆನ್ನು ಕೊಟ್ಟರೆ ಬರೀ ಗೀಟು. ಬಾಯಿ ತೆರೆದರೆ ಬೀಳುತ್ತಿದ್ದದ್ದು ಆ ಒಂದೇ ಶಬ್ದ. ಅದು ಬಿದ್ದ ಕೂಡಲೇ ಅವಳಿಗೇ ಅಸಹ್ಯವಾಗುತ್ತಿತ್ತು. ಒಮ್ಮೆ ತನ್ನ ಎಡಗೈಯನ್ನೇ ಕಚ್ಚಿಕೊಂಡಳು. ಹಲ್ಲಿನ ಗುರುತು ವಾರಗಟ್ಟಲೆ ಉಳಿದಿತ್ತು.

ನಾನು ದನಿಯಿಂದ ಅರ್ಥ ಮಾಡಿಕೊಳ್ಳಲು ಕಲಿತೆ. ಗಿಡ್ಡಕ್ಕೆ ಹೇಳಿದರೆ ನೀರು. ಎಳೆದು ಹೇಳಿದರೆ ಬಚ್ಚಲು. ಎರಡು ಸಲ ಬೆನ್ನು ಬೆನ್ನಿಗೆ ಬಂದರೆ ಕಿಟಕಿ. ಆದರೂ ಎಷ್ಟೆಂದು ತಿಳಿಯಲಿ?

ಒಂದು ದಿನ ಬೆಳಿಗ್ಗೆಯಿಂದ ಶುರು ಮಾಡಿದಳು. ನೀರು ಕೊಟ್ಟೆ, ಬೇಡ. ಬಚ್ಚಲಿಗೆ ಕರೆದೊಯ್ದೆ, ಬೇಡ. ಗಂಜಿ, ಕಾಫಿ, ಪೇಪರು, ಕನ್ನಡಕ, ಫ್ಯಾನು. ಒಂದೊಂದಕ್ಕೂ ತಲೆಯಲ್ಲಾಡಿಸಿ ಅದೇ ಶಬ್ದವನ್ನು ಇನ್ನಷ್ಟು ಜೋರಾಗಿ ಹೇಳುವಳು. ಮಧ್ಯಾಹ್ನದ ಹೊತ್ತಿಗೆ ಕೂಗುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಬಾಯ್ ಮುಚ್ಕಂಡ್ ಕೂಕೋ ಕಾಂಬ," ಎಂದು ಕಿರುಚಿ ಹೊರಗೆ ಹೋಗಿ ಜಗುಲಿಯಲ್ಲಿ ಕೂತೆ. ನನ್ನನ್ನು ಸಾಕಿದವಳಿಗೆ ಹಾಗೆ ಹೇಳಿದೆ. ಒಳಗೆ ಸದ್ದು ನಿಂತಿತು. ಸಂಜೆ ಬಟ್ಟೆ ಬದಲಿಸುವಾಗ ಕಂಡೆ: ನಾನೇ ಹೊಲಿದ ಹೊಸ ನೈಟಿಯ ಎಡಕಂಕುಳಿನ ಹೊಲಿಗೆಯಲ್ಲಿ ಒಂದು ಗುಂಡುಪಿನ್ನು ಉಳಿದುಹೋಗಿತ್ತು. ಬಲಗೈಗೆ ಅದನ್ನು ಮುಟ್ಟುವ ಶಕ್ತಿಯಿರಲಿಲ್ಲ. ಇಡೀ ದಿನ ಅದು ಅವಳನ್ನು ಚುಚ್ಚಿತ್ತು. ಚರ್ಮದ ಮೇಲೆ ಕೆಂಪು ಚುಕ್ಕೆಗಳು, ಒಣಗಿದ ರಕ್ತ. ನಾನು ಅವಳ ಕಾಲ ಬಳಿ ಕೂತು ಅತ್ತೆ. ಅವಳು ನನ್ನ ತಲೆಯ ಮೇಲೆ ಎಡಗೈ ಇಟ್ಟು ಮತ್ತೆ ಅದನ್ನೇ ಹೇಳಿದಳು.

ಆ ವಾರವೇ ಬ್ರಹ್ಮಾವರಕ್ಕೆ ಹೊರಟೆವು. ಮಾತು ಹೋದವರಿಗೆ ತರಬೇತಿ ಕೊಡುವ ಹುಡುಗಿಯೊಬ್ಬಳು ಅಲ್ಲಿ ವಾರಕ್ಕೊಮ್ಮೆ ಸಿಗುತ್ತಾಳೆಂದು ಯಾರೋ ಹೇಳಿದ್ದರು. ತಾಳ್ಮೆಯ ಹುಡುಗಿ. ಚಿತ್ರಗಳನ್ನು ತೋರಿಸುವಳು: ದನ, ದೋಣಿ, ಕೊಡೆ. ಅಕ್ಕ ಒಂದೊಂದಕ್ಕೂ ತುಟಿ ಹೊಂದಿಸಿಕೊಂಡು, ಉಸಿರು ಬಿಗಿಹಿಡಿದು, ಕೊನೆಗೆ ಬ್ಲೌಬೊಕ್ ಎನ್ನುವಳು. ಹುಡುಗಿ ನನ್ನನ್ನು ಬದಿಗೆ ಕರೆದು, ಹೀಗೆ ಒಂದೇ ಶಬ್ದ ಉಳಿಯುವುದುಂಟು ಆಂಟಿ, ಕೆಲವರಲ್ಲಿ ಅದು ಸ್ಟ್ರೋಕ್ ಆದ ಗಳಿಗೆಯಲ್ಲಿ ನಾಲಿಗೆಯ ಮೇಲಿದ್ದ ಶಬ್ದವೇ ಇರಬಹುದು ಎನ್ನುತ್ತಾರೆ, ಆಗ ಇವರು ಏನು ಮಾಡುತ್ತಿದ್ದರೆಂದು ಗೊತ್ತೇ ಎಂದು ಕೇಳಿದಳು. ನಾನು ಗೊತ್ತಿಲ್ಲವೆಂದು ತಲೆಯಲ್ಲಾಡಿಸಿದೆ. ಅವಳ ಹಿಂದಿನ ಗೋಡೆಯ ಮೇಲೆ ದೊಡ್ಡ ಅಕ್ಷರದ ಕನ್ನಡ ಪೋಸ್ಟರೊಂದಿತ್ತು. ಮಾತು ತೊದಲಿದರೆ ಗಡಿಯಾರ ನೋಡಿ, ನಾಲ್ಕೂವರೆ ಗಂಟೆಯೊಳಗಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಬಹುದು ಎಂದಿತ್ತು. ಶುರುವಾದ ಹೊತ್ತು ಗೊತ್ತಿಲ್ಲದಿದ್ದರೆ ಏನು ಮಾಡುತ್ತಾರೆಂದು ಕೇಳಿದೆ. ಕೊನೆಗೆ ಸರಿಯಿದ್ದದ್ದನ್ನು ಕಂಡ ಹೊತ್ತಿನಿಂದ ಲೆಕ್ಕ ಹಿಡಿಯುತ್ತಾರೆ, ಅಂದಳು.

ಎಂಟೂವರೆಯಿಂದ ಹಿಡಿದರೆ ಆ ನಾಲ್ಕೂವರೆ ಗಂಟೆ ಮಧ್ಯಾಹ್ನ ಒಂದಕ್ಕೇ ಮುಗಿದಿತ್ತು. ಹನ್ನೊಂದೂ ಕಾಲಿನಿಂದ ಹಿಡಿದಿದ್ದರೆ ಮೂರೂ ಮುಕ್ಕಾಲರವರೆಗೆ ಹೊತ್ತಿತ್ತು. ಮೂರಾಗುವ ಮೊದಲೇ ನಾವು ಅಲ್ಲಿದ್ದೆವು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ನಾನು ಅವಳ ಬಲಗೈಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು, ಆ ಒಂದು 'ಇಲ್ಲ'ವನ್ನು ಕುಂದಾಪುರ ಬರುವವರೆಗೂ ಮನಸ್ಸಿನಲ್ಲಿ ಹೇಳುತ್ತಾ ಬಂದೆ.

ಮರುದಿನ ಪಕ್ಕದ ಮನೆಯವಳನ್ನು ಅಕ್ಕನ ಬಳಿ ಕೂರಿಸಿ ನಾವುಂದಕ್ಕೆ ಹೋದೆ. ಆ ಶಬ್ದಕ್ಕೆ ಅರ್ಥವೊಂದು ಸಿಕ್ಕಿದರೆ ಅದರ ಬಾಲ ಹಿಡಿದು ಉಳಿದ ಮಾತನ್ನೂ ಎಳೆದು ತರಬಹುದೆಂದು ನನಗೊಂದು ಹುಚ್ಚು ಆಸೆ. ಡ್ರಾಯಿಂಗ್ ಮಾಷ್ಟ್ರ ಮನೆ ಹೆದ್ದಾರಿಯಿಂದ ಕಡಲ ಕಡೆಗಿದೆ. ಅವರೂ ನಿವೃತ್ತರು. ನಾನು ಶಬ್ದ ಹೇಳುತ್ತಿದ್ದ ಹಾಗೆಯೇ ಕುರ್ಚಿಯಿಂದ ಎದ್ದು ನಿಂತರು.

"ಅದ್ ನಮ್ಮ ಶಾಲೆ ಗೋಡಿ ಮೇಲಿದ್ದ ಪ್ರಾಣಿ ಅಲ್ದಾ?" ಅಂದರು.

ಹಲವು ವರ್ಷಗಳ ಹಿಂದೆ ಅಕ್ಕ ಶಾಲೆಯ ಉದ್ದನೆಯ ಗೋಡೆಯ ಮೇಲೆ ಇಲ್ಲವಾದ ಪ್ರಾಣಿಗಳ ಸಾಲೊಂದನ್ನು ಅವರಿಂದ ಬರೆಸಿದ್ದಳಂತೆ. ಅದರಲ್ಲಿ ಅವರನ್ನು ಗೋಳು ಹೊಯ್ದುಕೊಂಡದ್ದು ಈ ಬ್ಲೌಬೊಕ್. ಆಫ್ರಿಕದ ತೆಂಕಣ ತುದಿಯಲ್ಲಿದ್ದ ಚಿಗರೆ. ಡಚ್ಚರು ಅಲ್ಲಿ ಹೋಗಿ ನೆಲೆಸಿದ ಮೇಲೆ ಬೇಟೆಯಾಡಿ, ಮೇವಿನ ನೆಲ ಕಿತ್ತುಕೊಂಡು, ಇನ್ನೂರು ವರ್ಷಗಳ ಹಿಂದೆಯೇ ಒಂದೂ ಉಳಿಯದ ಹಾಗೆ ಮಾಡಿದರು. ಹೆಸರಿಟ್ಟವರೂ ಅವರೇ. ಬ್ಲೌ ಎಂದರೆ ನೀಲಿ, ಬೊಕ್ ಎಂದರೆ ಹೋತ. ನೀಲಿ ಹೋತ. ಮಕ್ಕಳು ಅದನ್ನು ಕೇಳಿ ಬಿದ್ದು ಬಿದ್ದು ನಕ್ಕಿದ್ದರಂತೆ. ನೀಲಿ ಜಿಂಕೆ ಎಂದು ಬರೆಯೋಣ ಎಂದು ಮಾಷ್ಟ್ರು ಹೇಳಿದರೆ ಅಕ್ಕ ಒಪ್ಪಲಿಲ್ಲ. ಜಿಂಕೆಯ ಕೋಡು ವರ್ಷವರ್ಷ ಉದುರುತ್ತದೆ, ಇದರದ್ದು ಉದುರುವುದಿಲ್ಲ, ತಪ್ಪು ಬರೆಯಬೇಡಿ ಅಂದಳಂತೆ. ವಿಜ್ಞಾನದ ಹೆಸರಿನಲ್ಲಿ ಅದು ಕುದುರೆಯಂಥ ಆಡು, ಬಿಳಿ ಬೆರೆತ ಮಬ್ಬು ಬಣ್ಣದ್ದು. ಅಲ್ಲಿನ ಮೂಲದ ಜನ ಅದನ್ನು ಏನೆಂದು ಕರೆಯುತ್ತಿದ್ದರೋ, ಅಕ್ಕ ಎಷ್ಟು ಹುಡುಕಿದರೂ ಅವಳ ಪುಸ್ತಕಗಳಲ್ಲಿ ಸಿಗಲಿಲ್ಲ. ಕೊನೆಗೆ ಗೋಡೆಯ ಮೇಲೆ ಬ್ಲೌಬೊಕ್ ಎಂದೇ ಬರೆಸಿದಳು.

ಯಾವ ನೀಲಿ ಎಂಬುದಕ್ಕೂ ಜಗಳವಾಗಿತ್ತು. ದೂರದೇಶದ ಮ್ಯೂಸಿಯಮ್ಮುಗಳಲ್ಲಿ ಅದರ ಹಳೆಯ ಚರ್ಮಗಳಿವೆ, ಅವುಗಳಲ್ಲಿ ನೀಲಿಯೇ ಇಲ್ಲ. ಮುದಿಯಾದಾಗ ಕೂದಲು ತೆಳ್ಳಗಾಗಿ ಕಪ್ಪು ಚರ್ಮ ಕಾಣುತ್ತಿದ್ದದ್ದೇ ದೂರಕ್ಕೆ ನೀಲಿಯಾಗಿ ತೋರಿರಬಹುದು ಎನ್ನುವವರಿದ್ದಾರೆ. ಮಾಷ್ಟ್ರು ಆರು ಸಲ ಬಣ್ಣ ಕಲಸಿದರು. ಆರೂ ಸಲ ಅಕ್ಕ ಅಲ್ಲ ಅಂದಳು. ಏಳನೆಯದಕ್ಕೆ, ಸಾಕು, ಯಾರೂ ಕಂಡದ್ದಿಲ್ಲ ಎಂದು ಬಿಟ್ಟುಕೊಟ್ಟಳು.

"ಆ ದಿನ ಹನ್ನೊಂದ್ ಗಂಟಿಗೆ ನಾನೇ ಫೋನ್ ಮಾಡಿದ್ದೆ," ಅಂದರು ಮಾಷ್ಟ್ರು. "ಗೋಡಿಗೆ ಬೇರೆ ಬಣ್ಣ ಹೊಡಿತ್ರ್ ಅಂಬ್ರ್, ನೀವ್ ಬಂದ್ ಒಂದ್ ಮಾತ್ ಹೇಳಿ ಟೀಚರ್ ಅಂದೆ. ಸಮಾ ಮಾತಾಡಿದ್ರ್. ತಂಗಿ ಹತ್ರ ಹೇಳಿ ನಾಳೆ ಬತ್ತೆ ಅಂದಿದ್ರ್. ನಿಮ್ಗೆ ಹೇಳ್ಲಿಲ್ಯಾ?"

ನಾನು ಹೋಗುವಷ್ಟರಲ್ಲಿ ಗೋಡೆಗೆ ಕೆನೆಬಣ್ಣ ಹೊಡೆದಾಗಿತ್ತು. ಚಾ ಲೋಟ ಅಲ್ಲೇ ಇಟ್ಟು, ಆ ಪ್ರಾಣಿಯ ಚಿತ್ರವೊಂದನ್ನು ಬರೆದು ಕೊಡಿ ಎಂದು ಕೇಳಿದೆ.

ಅವರು ಬರೆದು, ತಾವೇ ಕೋಡಿಗೆ ತಂದರು. ದೊಡ್ಡ ಹಾಳೆ. ಹಿಂದಕ್ಕೆ ಬಾಗಿದ ಉದ್ದ ಕೋಡು, ಬೂದಿಯೂ ಅಲ್ಲದ ನೀಲಿಯೂ ಅಲ್ಲದ ಮೈ. ಹೆಸರು ಬರೆದಿರಲಿಲ್ಲ. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಎದುರಿಗೆ ಹಿಡಿದೆವು. ಅವಳು ಬಹಳ ಹೊತ್ತು ನೋಡಿದಳು. ಅವಳಿಗೆ ಗುರುತು ಸಿಕ್ಕಿದ್ದು ಖಂಡಿತ. ಕಣ್ಣು ಕೋಡಿನಿಂದ ಬಾಲದವರೆಗೆ ಪರೀಕ್ಷೆಯ ಪೇಪರು ನೋಡಿದ ಹಾಗೆ ಹರಿದಾಡಿತು.

"ಇದೆಂತ ಅಕ್ಕಾ? ಹೇಳ್," ಎಂದೆ.

ತುಟಿ ಅಲುಗಿತು. ಶಬ್ದ ಬರಲಿಲ್ಲ. ಹತ್ತು ತಿಂಗಳಲ್ಲಿ ಮೊದಲ ಸಲ, ಆ ಶಬ್ದವೇ ಸರಿಯುತ್ತರವಾಗಿದ್ದ ಒಂದೇ ಒಂದು ಪ್ರಶ್ನೆಗೆ, ಅವಳು ಮೂಕಳಾದಳು. ನಾನು ಬೇಡಿಕೊಂಡೆ. ಹೇಳ್ ಅಕ್ಕಾ, ಗೊತ್ತಿತ್ತಲ್ಲ ನಿಂಗೆ, ಎಂದು ಭುಜ ಹಿಡಿದು ಅಲ್ಲಾಡಿಸಿದೆ. ಮಾಷ್ಟ್ರು ನನ್ನ ಕೈ ಬಿಡಿಸಿದರು. ಅಕ್ಕನ ಕಣ್ಣಿನಿಂದ ನೀರು ಸುರಿಯಿತು. ಸ್ವಲ್ಪ ಹೊತ್ತಿನ ನಂತರ ಗಿಡ್ಡಕ್ಕೆ, "ಬ್ಲೌಬೊಕ್," ಅಂದಳು. ಅದು ನೀರು ಕೇಳಿದ್ದು. ತಂದು ಕುಡಿಸಿದೆ.

ಅದು ಈಗ ಅವರ ಬಾಯಲ್ಲಿ ಹೆಸರಲ್ಲ ಆಂಟಿ, ಉಳಿದ ಸದ್ದು ಅಷ್ಟೇ, ಬೇಕೆಂದಾಗ ಹೇಳಲಿಕ್ಕೆ ಬರುವುದಿಲ್ಲ ಎಂದು ಬ್ರಹ್ಮಾವರದ ಹುಡುಗಿ ಆಮೇಲೆ ತಿಳಿಸಿ ಹೇಳಿದಳು. ನನ್ನ ಆಸೆ ಅಲ್ಲಿಗೆ ಮುಗಿಯಿತು.

ಅದಾಗಿ ನಾಲ್ಕೈದು ದಿನಕ್ಕೆ, ಮಧ್ಯಾಹ್ನ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಹಿಂದೆ ನಿಂತಿದ್ದರಿಂದ ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ಹೇಳಿಬಿಟ್ಟೆ. ನೀನು ಫೋನಿನಲ್ಲಿ ಹೇಳುವಾಗ ನಾನು ಕೇಳಲಿಲ್ಲ, ಮಾತು ತೊದಲಿದ್ದು ಕೇಳಿಯೂ ಕಟ್ ಮಾಡಿದೆ, ಡಾಕ್ಟರು ಕೇಳಿದಾಗ ಇಲ್ಲ ಎಂದೆ, ಹೊತ್ತು ಹೇಳಿದ್ದರೆ ಇಂಜೆಕ್ಷನ್ ಕೊಡುತ್ತಿದ್ದರು, ನಿನಗೆ ಮಾತು ಇರುತ್ತಿತ್ತೋ ಏನೋ. ಎಲ್ಲವನ್ನೂ, ಬಿಡದೆ.

ನನ್ನ ಎಣ್ಣೆಯ ಕೈ ಅವಳ ನೆತ್ತಿಯ ಮೇಲೆ ಹಾಗೆಯೇ ಇತ್ತು. ಅಕ್ಕ ತಲೆಯನ್ನು ನನ್ನ ಕೈಯಿಂದ ಮೆಲ್ಲನೆ ಸರಿಸಿಕೊಂಡಳು. "ಬ್ಲೌಬೊಕ್," ಅಂದಳು. ಗಿಡ್ಡಕ್ಕೂ ಅಲ್ಲ, ಎಳೆದೂ ಅಲ್ಲ. ಹಾಗೆ ಅವಳು ಹಿಂದೆಂದೂ ಹೇಳಿರಲಿಲ್ಲ. ನಾನು ಎದುರಿಗೆ ಬಂದು ಮೊಣಕಾಲೂರಿ ಕೂತೆ.

"ಬೈದದ್ದಾ ಅಕ್ಕಾ? ಅಲ್ಲ, ಹೋಗ್ಲಿ ಬಿಡ್ ಅಂದದ್ದಾ?"

ನನ್ನನ್ನೇ ನೋಡುತ್ತಾ ಅದನ್ನು ಮೂರು ಸಲ ಹೇಳಿದಳು, ಮೂರೂ ಸಲ ಒಂದೇ ದನಿಯಲ್ಲಿ. ಮಕ್ಕಳಿಗೆ ಅರ್ಥವಾಗದ ಪಾಠವನ್ನು ಬಿಡಿಸಿ ಹೇಳುವವಳ ಹಾಗೆ. ನನಗೆ ತಿಳಿಯಲಿಲ್ಲ. ಬೈದಿದ್ದರೆ ತಲೆಯಾಡಿಸು ಎಂದೆ. ಆಡಿಸಲಿಲ್ಲ. ಬೈದಿಲ್ಲವಾದರೆ ಆಡಿಸು ಎಂದೆ. ಅದಕ್ಕೂ ಆಡಿಸಲಿಲ್ಲ. ಕಿಟಕಿಯ ಕಡೆ ತಿರುಗಿದಳು. ಮುಂದಿನ ದಿನಗಳಲ್ಲಿ ಮತ್ತೆ ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ, ಧೈರ್ಯ ಸಾಲಲಿಲ್ಲ.

ಎರಡನೆಯ ಸಲ ಬಿದ್ದಾಗ ನಾನು ಹತ್ತಿರವೇ ಇದ್ದೆ. ಬೆಳಗಿನ ತಿಂಡಿಯ ಹೊತ್ತು, ಕೈಯಲ್ಲಿದ್ದ ಇಡ್ಲಿ ಜಾರಿತು. ಗಡಿಯಾರ ನೋಡಿದೆ. ಒಂಬತ್ತಕ್ಕೆ ಹತ್ತು ನಿಮಿಷ. ಆಸ್ಪತ್ರೆಯ ಬಾಗಿಲಲ್ಲೇ ಯಾರೂ ಕೇಳುವ ಮೊದಲೇ ಅದನ್ನು ಹೇಳಿದೆ, ಇಬ್ಬರು ಮೂವರ ಹತ್ತಿರ ಹೇಳಿದೆ. ಸ್ಕ್ಯಾನ್ ಮಾಡಿ, ಈ ಸಲ ತಲೆಯೊಳಗೆ ರಕ್ತನಾಳ ಒಡೆದಿದೆ, ಇದಕ್ಕೆ ಆ ಇಂಜೆಕ್ಷನ್ ಕೊಡುವ ಹಾಗೆಯೇ ಇಲ್ಲ ಅಂದರು. ಮನೆಗೆ ಬಿಡುವ ದಿನ ದೊಡ್ಡ ಡಾಕ್ಟರ ಬಳಿ ಒಬ್ಬಳೇ ಹೋಗಿ ಮೊದಲ ಸಲದ ಸತ್ಯ ಹೇಳಿದೆ. ಅವರು ಬೈಯಲಿಲ್ಲ. ಹಳೆಯ ಕಾಗದಗಳನ್ನು ತಿರುವಿ, ಕೊಟ್ಟಿದ್ದರೂ ಮಾತು ಉಳಿಯುತ್ತಿತ್ತೋ ಇಲ್ಲವೋ ಈಗ ಹೇಳಲಿಕ್ಕೆ ಬರುವುದಿಲ್ಲ ಅಮ್ಮಾ, ಅಂದರು. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಈಗ ಅಕ್ಕ ಹಾಸಿಗೆಯಲ್ಲಿದ್ದಾಳೆ. ಆ ಶಬ್ದವೂ ಹೋಯಿತು. ಅವಳು ನನಗೆ ಕೊಟ್ಟ ಉತ್ತರ ಏನೆಂದು ಇನ್ನು ಯಾರೂ ಹೇಳಲಾರರು. ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಮೂಗಿನ ನಳಿಗೆಯಲ್ಲಿ ಬಿಡುತ್ತೇನೆ. ಅಂಗಡಿ ಬಿಟ್ಟುಕೊಟ್ಟು ಮೆಷಿನನ್ನು ಅವಳ ಕೋಣೆಗೇ ತಂದಿದ್ದೇನೆ. ಬೆನ್ನು ಹುಣ್ಣಾಗದಿರಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ನಾನೊಬ್ಬಳೇ ಬದಲಿಸುವುದನ್ನು ಕಲಿತಿದ್ದೇನೆ. ಈಗ ಎಡಮಗ್ಗುಲಿನಲ್ಲಿದ್ದಾಳೆ, ಗೋಡೆಯ ಕಡೆ. ಇನ್ನೊಂದು ರವಿಕೆಯ ತೋಳು ಹಚ್ಚಿ ಮುಗಿಸುವಷ್ಟರಲ್ಲಿ ತಿರುಗಿಸುವ ಹೊತ್ತಾಗುತ್ತದೆ.